ಚಳಿಗಾಲದಲ್ಲಿ ಸಹ್ಯಾದ್ರಿಯ ಸರೋವರಗಳತ್ತ: ಮಿತವ್ಯಯದ ವ್ಯಾನ್ ಪ್ರವಾಸ

ಹೊರದೇಶಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಮನೆಗೆ ಕಳುಹಿಸುವ ಛಾಯಾಚಿತ್ರಗಳಲ್ಲಿ ಒಂದು ಬಗೆಯ ವಾಹನ ಈಗೀಗ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಮಲಗಲು ಹಾಸಿಗೆ, ಬೇಯಿಸಲು ಒಲೆ, ಕೈತೊಳೆಯಲು ಪುಟ್ಟ ತೊಟ್ಟಿ, ಎಲ್ಲವನ್ನೂ ಹೊಟ್ಟೆಯಲ್ಲಿರಿಸಿಕೊಂಡ ಕ್ಯಾಂಪರ್‌ವ್ಯಾನ್ ಅದು. ಹಿನ್ನೆಲೆಯಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹಿಮಾಚ್ಛಾದಿತ ಶಿಖರಗಳಿರುತ್ತವೆ, ಇಲ್ಲವೇ ಇಂಗ್ಲೆಂಡಿನ ಸರೋವರ ಪ್ರಾಂತದ ಮಂಜು ಮುಸುಕಿದ ನೀರಿರುತ್ತದೆ. ಚಿತ್ರವನ್ನು ನೋಡಿದ ಹಿರಿಯರು, “ಇಂಥದ್ದೊಂದು ನಮ್ಮ ಯೋಗದಲ್ಲಿ ಎಲ್ಲಿ?” ಎಂದು ನಿಟ್ಟುಸಿರುಬಿಡುವುದುಂಟು.

ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿರುವ ನಮಗೆ ಬೆಟ್ಟ ಮತ್ತು ಸರೋವರಗಳ ನಾಡು ದೂರದ್ದೇನಲ್ಲ. ಕಲ್ಯಾಣದಿಂದ ಹೊರಟ ವಾಹನ ಮೂರು ಗಂಟೆಯೊಳಗೆ ಸಹ್ಯಾದ್ರಿಯ ನೆತ್ತಿಯನ್ನು ಮುಟ್ಟುತ್ತದೆ. ಮೇ ತಿಂಗಳ ದೀರ್ಘ ರಜೆಯನ್ನು ನಾವು ಊರಿಗೆಂದು ಮೀಸಲಿಡುತ್ತೇವೆ. ಡಿಸೆಂಬರ್–ಜನವರಿಯ ಕಿರುರಜೆಗಳು ಮಾತ್ರ ಮನೆಯಲ್ಲಿಯೇ ಕಳೆದುಹೋಗುತ್ತವೆ. ಬ್ಯಾಂಕ್ ನೌಕರರಿಗೆ 2015ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ಬಿಡುವು ಇದೆ. ಅದಕ್ಕೆ ಒಂದು ದಿನದ ರಜೆಯನ್ನು ಸೇರಿಸಿದರೆ ಎರಡು ರಾತ್ರಿ, ಮೂರು ಹಗಲುಗಳ ಪ್ರವಾಸಕ್ಕೆ ಸಾಕಾಗುತ್ತದೆ. ಅಂಥದೊಂದು ಪ್ರವಾಸವನ್ನು ಮಧ್ಯಮ ವರ್ಗದ ಕುಟುಂಬವೊಂದು ಕಡಿಮೆ ಖರ್ಚಿನಲ್ಲಿ, ಅಪಾಯವಿಲ್ಲದೆ ಕೈಗೊಳ್ಳುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ತಿಳಿಸಬೇಕಾಗಿದೆ. ಸಹ್ಯಾದ್ರಿಯ ಈ ಸರೋವರಗಳು ಮನುಷ್ಯನು ಕಟ್ಟಿದವುಗಳು. ಅವುಗಳ ನೀರು ಮತ್ತು ವಿದ್ಯುತ್ತಿನಿಂದಲೇ ಮಹಾನಗರದ ಬದುಕು ನಡೆಯುತ್ತಿದೆ. ಅಲ್ಲಿಗೆ ಹೋಗುವ ನಾವು ಈ ಋಣವನ್ನು ಅರಿತು ಹೋಗುವುದು ಲೇಸು.

ವಾಹನ ಯಾವುದಿರಬೇಕು?

ಸಕಲ ಸೌಕರ್ಯಗಳ ಕ್ಯಾರವಾನ್ ವಾಹನಗಳು ನಮ್ಮ ದೇಶದಲ್ಲಿಯೂ ಬಾಡಿಗೆಗೆ ದೊರೆಯುತ್ತವೆ. ಮಹಾರಾಷ್ಟ್ರ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯೊಂದನ್ನು ಪ್ರಕಟಿಸಿತು. ಕೇರಳವೂ ಅದೇ ವರ್ಷ ಅಂಥ ಯೋಜನೆಯನ್ನು ಆರಂಭಿಸಿತು. ಆದರೆ ಈ ವಾಹನಗಳ ಬಾಡಿಗೆ ದಿನವೊಂದಕ್ಕೆ ಹಲವು ಸಾವಿರ ರೂಪಾಯಿಗಳಷ್ಟಿರುವುದರಿಂದ ಅವು ಎಲ್ಲರ ಕೈಗೂ ಎಟಕುವಂಥವಲ್ಲ.

ಸಾಲ ಮಾಡಿ ಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಸಾಲದ ಕಡತಗಳ ನಡುವೆಯೇ ಮೂರು ದಶಕ ಕಳೆದವನಾದುದರಿಂದ ಇದರ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಹದಿನೈದು ಲಕ್ಷ ರೂಪಾಯಿಗಳ ಸಾಲವನ್ನು ಶೇಕಡಾ 9.5ರ ಬಡ್ಡಿಯಲ್ಲಿ ಏಳು ವರ್ಷಗಳ ಅವಧಿಗೆ ಪಡೆದರೆ ಮಾಸಿಕ ಕಂತು ಸುಮಾರು 24,500 ರೂಪಾಯಿ ಆಗುತ್ತದೆ. ವರ್ಷಕ್ಕೆ ಹನ್ನೆರಡು ರಾತ್ರಿ ಆ ವಾಹನದಲ್ಲಿ ಮಲಗಿದೆವೆಂದಿಟ್ಟುಕೊಂಡರೆ ಒಂದೊಂದು ರಾತ್ರಿಯ ಬೆಲೆಯೂ ಒಂದು ತಿಂಗಳ ಕಂತಿಗೆ ಸಮ! ಮನೆಯಂತೆ ವಾಹನದ ಮೌಲ್ಯ ಏರುವುದಿಲ್ಲ, ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಡೊಂಬಿವಲಿಯ ಕಟ್ಟಡಗಳಲ್ಲಿ ಅದನ್ನು ನಿಲ್ಲಿಸಲು ಜಾಗ ಸಿಗುವುದೂ ಅಷ್ಟು ಸುಲಭವಲ್ಲ.

ಹೀಗಾಗಿ ನಮಗೆ ಒಪ್ಪುವುದು ನಾವು ದಿನನಿತ್ಯ ಕಾಣುವ ಸಾಧಾರಣ ವ್ಯಾನು. 1984ರಿಂದ 2019ರವರೆಗೆ ತಯಾರಾದ ಮಾರುತಿಯ ಓಮ್ನಿಯನ್ನು ಬಲ್ಲದವರಿಲ್ಲ. 2010ರಲ್ಲಿ ಬಂದ ಈಕೋ ಅದರ ಸ್ಥಾನವನ್ನು ತುಂಬಿದೆ. ನೆಂಟರಲ್ಲಿ, ನೆರೆಹೊರೆಯಲ್ಲಿ ಯಾರಲ್ಲಾದರೂ ಇಂಥದೊಂದು ವಾಹನ ಇದ್ದೇ ಇರುತ್ತದೆ. ಹಿಂಬದಿಯಲ್ಲಿ ಹಲಗೆಯ ಮೇಲೆ ಹಾಸಿಗೆ ಹಾಸಿದರೆ ಇಬ್ಬರು ಹೇಗೋ ಮಲಗಬಹುದು. ಉಳಿದ ಇಬ್ಬರಿಗೆ ಪಕ್ಕದಲ್ಲಿಯೇ ಒಂದು ಗುಡಾರವಿದ್ದರಾಯಿತು. ಆದರೆ ಹಾಸಿಗೆಯು ವಾಹನ ನಿಂತ ಮೇಲೆ ಹಾಸುವಂಥದ್ದು ಎಂಬುದು ನೆನಪಿರಲಿ. ವ್ಯಾನು ಓಡುವಾಗ ಮಕ್ಕಳೂ ಸಹಿತ ಆಸನದಲ್ಲಿ ಕುಳಿತು ಬೆಲ್ಟ್ ಬಿಗಿದುಕೊಂಡಿರಬೇಕು.

ಇಲ್ಲಿ ಕಾನೂನಿನ ಎರಡು ಅಂಶಗಳನ್ನು ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ವಾಹನದ ಮಾಲಕನು ತನ್ನಿಚ್ಛೆಯಂತೆ ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಮಾಡನ್ನು ಕತ್ತರಿಸುವುದು, ಒಳಗೆ ಗ್ಯಾಸಿನ ಕೊಳವೆ ಜೋಡಿಸುವುದು, ಆಸನಗಳನ್ನು ಶಾಶ್ವತವಾಗಿ ಕಿತ್ತುಹಾಕುವುದು ಇವೆಲ್ಲ ಸಲ್ಲದು. ಎತ್ತಿ ಹಾಸಿ, ಮತ್ತೆ ಎತ್ತಿಡಬಹುದಾದ ಸಾಮಾನುಗಳಿಷ್ಟೇ ಸಾಕು. ಎರಡನೆಯದಾಗಿ, ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆಯುವುದು ನಿಯಮಬಾಹಿರ. ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೆ ಅದೇ ತೊಡಕಾಗುತ್ತದೆ. ಹಣ ಕೊಟ್ಟು ಪಡೆಯುವುದಾದರೆ ಪರವಾನಿಗೆಯುಳ್ಳ ವಾಹನವನ್ನೇ ಪಡೆಯಬೇಕು.

ಮೊದಲ ದಿನ: ಕಲ್ಯಾಣದಿಂದ ಮಾಳಶೇಜ್ ಏರಿ ಭಂಡಾರದರಾಕ್ಕೆ

ನಮ್ಮ ಪ್ರವಾಸದ ಮಾರ್ಗ ಒಂದು ಸುತ್ತಿನ ರೂಪದಲ್ಲಿದೆ. ಕಲ್ಯಾಣದಿಂದ ಮುರ್ಬಾಡ್ ದಾರಿಯಾಗಿ ಮಾಳಶೇಜ್ ಘಾಟನ್ನು ಏರಿ, ಓತೂರು, ಕೋತೂಳ, ರಾಜೂರುಗಳ ಮೂಲಕ ಭಂಡಾರದರಾ ಸೇರುವುದು. ಮರಳುವಾಗ ಘೋಟಿ, ಇಗತ್‌ಪುರಿ, ಕಸಾರಾ, ಶಹಾಪುರಗಳ ಮೂಲಕ ಇಳಿದು ಮತ್ತೆ ಕಲ್ಯಾಣಕ್ಕೆ ಬರುವುದು. ಸರೋವರದ ಸುತ್ತಾಟವೂ ಸೇರಿ ಒಟ್ಟು ನಾಲ್ಕುನೂರು ಕಿಲೋಮೀಟರುಗಳ ಒಳಗಿನ ಪ್ರಯಾಣ. ಥಾಣೆ ಮತ್ತು ನವಿಮುಂಬಯಿಯವರು ಕಲ್ಯಾಣದವರೆಗಿನ ದಾರಿಯನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ನಸುಕಿನಲ್ಲಿಯೇ ಹೊರಟರೆ ಪೇಟೆಯ ವಾಹನ ಸಂದಣಿಯಿಂದ ಪಾರಾಗಬಹುದು.

ಮುರ್ಬಾಡ್ ದಾಟಿದ ಬಳಿಕ ಎದುರಿಗೆ ಸಹ್ಯಾದ್ರಿಯ ಗೋಡೆ ಎದ್ದು ನಿಲ್ಲುತ್ತದೆ. ವೈಶಾಖರೆ ಗ್ರಾಮದ ಸಮೀಪದಿಂದ ನಾಣೇಘಾಟಿಗೆ ಹತ್ತುವ ಪುರಾತನ ಕಾಲುದಾರಿಯೊಂದಿದೆ. ಶಾತವಾಹನರ ಕಾಲದಲ್ಲಿ ಕಲ್ಯಾಣ್ ಬಂದರಿನ ಸರಕು ಜುನ್ನರ ಪಟ್ಟಣಕ್ಕೆ ಹೋಗುತ್ತಿದ್ದುದು ಈ ದಾರಿಯಲ್ಲಿಯೇ. ಘಾಟಿನ ನೆತ್ತಿಯಲ್ಲಿರುವ ಗುಹೆಯಲ್ಲಿ ರಾಣಿ ನಾಗನಿಕೆಯ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಅಂಕಿಗಳ ಅತ್ಯಂತ ಪ್ರಾಚೀನ ರೂಪಗಳು ಕಾಣಸಿಗುವ ಶಾಸನಗಳಲ್ಲಿ ಅದೂ ಒಂದು. ಸುಂಕದ ನಾಣ್ಯಗಳನ್ನು ಹಾಕುತ್ತಿದ್ದರೆಂದು ಹೇಳಲಾಗುವ ಕಲ್ಲಿನ ಹಂಡೆ ಅಲ್ಲಿ ಇಂದಿಗೂ ಇದೆ. ದಿನವೂ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಲ್ಯಾಣದ ಹೆಸರನ್ನು ಕೇಳುವ ನಮಗೆ, ಎರಡು ಸಾವಿರ ವರ್ಷಗಳ ಹಿಂದೆಯೂ ಅದೊಂದು ಜನನಿಬಿಡ ಪಟ್ಟಣವಾಗಿತ್ತೆಂಬುದು ಸೋಜಿಗದ ಸಂಗತಿ.

ಮಾಳಶೇಜ್ ಘಾಟು ಮಳೆಗಾಲದ ಜಲಪಾತಗಳಿಗೆ ಹೆಸರಾದುದು. ಆದರೆ ಕಲ್ಲು ಜರಿದು ಬೀಳುವ ಭಯವೂ ಆಗಲೇ ಹೆಚ್ಚು. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದು ಕೊಂಕಣದ ಬಯಲು ಬಹುದೂರದವರೆಗೆ ಕಾಣಿಸುತ್ತದೆ. ಮೇಲೆ ನಿಂತಾಗ ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿಂದ ಪಡುವಣಕ್ಕೆ ಹರಿದ ಮಳೆನೀರು ಕಾಳೂ ನದಿಯನ್ನು ಸೇರಿ, ಟಿಟ್ವಾಳದ ಬಳಿ ಹರಿದು, ಉಲ್ಹಾಸ್ ನದಿಯಲ್ಲಿ ಕೂಡಿ ನಮ್ಮ ಖಾಡಿಗಳ ಮೂಲಕ ಅರಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಹರಿದ ನೀರು ಪುಷ್ಪಾವತಿ ನದಿಯ ಪಿಂಪಳಗಾಂವ್ ಜೋಗಾ ಜಲಾಶಯದಲ್ಲಿ ನಿಂತು, ಕುಕಡಿ ಮತ್ತು ಘೋಡ್ ನದಿಗಳ ಮೂಲಕ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ಕೃಷ್ಣೆಯಲ್ಲಿ ಲೀನವಾಗುತ್ತಾಳೆ. ಒಂದೇ ಬೆಟ್ಟದ ನೆತ್ತಿ ನಾವು ದುಡಿಯುವ ಊರಿಗೂ ನಮ್ಮ ತಾಯ್ನಾಡಿಗೂ ನೀರನ್ನು ಹಂಚುತ್ತಿದೆ. ಅನತಿ ದೂರದ ಹರಿಶ್ಚಂದ್ರಗಡದಿಂದ ಹೊರಡುವ ಮುಳಾ ನದಿಯಂತೂ ಪ್ರವರೆಯನ್ನು ಕೂಡಿ ಗೋದಾವರಿಗೆ ಹೋಗುತ್ತದೆ. ಓತೂರಿನಿಂದ ಉತ್ತರಕ್ಕೆ ತಿರುಗಿ ಬ್ರಾಹ್ಮಣವಾಡ, ಕೋತೂಳಗಳತ್ತ ಹೋಗುವಾಗ ನಾವು ಭೀಮೆಯ ಜಲಾನಯನದಿಂದ ಗೋದಾವರಿಯ ಜಲಾನಯನಕ್ಕೆ ದಾಟುತ್ತೇವೆ.

ಓತೂರು ಮತ್ತು ಜುನ್ನರದ ಪ್ರದೇಶವನ್ನು ಹಗಲಿನಲ್ಲಿಯೇ ದಾಟಿಬಿಡಬೇಕು. ಇದು ಕಬ್ಬಿನ ನಾಡು. ಕಬ್ಬಿನ ಗದ್ದೆಗಳೇ ಇಲ್ಲಿ ಚಿರತೆಗಳಿಗೆ ಮನೆ. ಜುನ್ನರದ ಸಮೀಪ ಮಾಣಿಕಡೋಹದಲ್ಲಿ ಚಿರತೆಗಳ ರಕ್ಷಣಾ ಕೇಂದ್ರವೇ ಇದೆ. ಚಳಿಗಾಲದಲ್ಲಿ ಕಬ್ಬಿನ ಕಟಾವು ನಡೆಯುವುದರಿಂದ ಆಸರೆ ಕಳೆದುಕೊಂಡ ಚಿರತೆಗಳು ಮರಿಗಳೊಂದಿಗೆ ಅತ್ತಿತ್ತ ಅಲೆಯುತ್ತವೆ. ಗದ್ದೆಯಂಚಿನಲ್ಲಿ ವ್ಯಾನು ನಿಲ್ಲಿಸಿ ರಾತ್ರಿ ತಂಗುವ ಯೋಚನೆಯನ್ನು ಯಾರೂ ಮಾಡಬಾರದು. ಬೆಳಕಿರುವಾಗಲೇ ರಾಜೂರನ್ನು ದಾಟಿ ಭಂಡಾರದರಾದ ಶೇಂಡಿ ಗ್ರಾಮವನ್ನು ಸೇರುವುದು ಕ್ಷೇಮ.

ಎರಡನೆಯ ದಿನ: ಸರೋವರದ ಸುತ್ತ

ನ್ಯೂಜಿಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್‌ಗಳ ಪರ್ವತ ಸರೋವರಗಳು ಬಹುಪಾಲು ಹಿಮನದಿಗಳ ಕೊಡುಗೆ. ಹಿಮಯುಗದಲ್ಲಿ ಮಂಜುಗಡ್ಡೆಯ ರಾಶಿ ಕಣಿವೆಗಳನ್ನು ಕೊರೆದು ಆಳಗೊಳಿಸಿತು. ಅದು ಕರಗಿದ ಮೇಲೆ ಆ ತಗ್ಗುಗಳಲ್ಲಿ ನೀರು ನಿಂತಿತು. ನಮ್ಮ ಸಹ್ಯಾದ್ರಿಯನ್ನು ಹಿಮನದಿಗಳು ಕೊರೆದಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಇಲ್ಲಿಯ ಕಪ್ಪು ಬಂಡೆ. ಮಳೆ ಎಷ್ಟೇ ಸುರಿದರೂ ಕಡಿದಾದ ಕಣಿವೆಗಳಲ್ಲಿ ನೀರು ನಿಲ್ಲದೆ ಹರಿದುಹೋಗುತ್ತದೆ. ಹಾಗಾಗಿ ಈ ಬೆಟ್ಟಗಳ ನಡುವೆ ವಿಶಾಲವಾದ ಸರೋವರವೊಂದು ಕಂಡರೆ ಅದರ ಒಂದು ತುದಿಯಲ್ಲಿ ಅಣೆಕಟ್ಟು ಇದ್ದೇ ಇರುತ್ತದೆಂದು ತಿಳಿಯಬಹುದು.

ಭಂಡಾರದರಾದ ಆರ್ಥರ್ ಸರೋವರವೂ ಹೀಗೆಯೇ ಆದುದು. ಪ್ರವರಾ ನದಿಗೆ ಅಡ್ಡಲಾಗಿ ವಿಲ್ಸನ್ ಅಣೆಕಟ್ಟಿನ ಕೆಲಸ 1910ರಲ್ಲಿ ಆರಂಭವಾಗಿ, 1926ರ ಡಿಸೆಂಬರಿನಲ್ಲಿ ಮುಂಬಯಿ ಪ್ರಾಂತದ ಗವರ್ನರ್ ಲೆಸ್ಲಿ ವಿಲ್ಸನ್ ಅದನ್ನು ಉದ್ಘಾಟಿಸಿದರು. ಸುಮಾರು 82 ಮೀಟರ್ ಎತ್ತರದ ಈ ಕಲ್ಲಿನ ಕಟ್ಟೆ ಹನ್ನೊಂದು ಟಿಎಂಸಿ ನೀರನ್ನು ಹಿಡಿದಿಡುತ್ತದೆ. ಈ ನೀರಿನ ಬಲದಿಂದ ಕೆಳಗಿನ ಬಯಲಿನಲ್ಲಿ ಕಬ್ಬು ಬೆಳೆಯಿತು. 1950ರ ಹೊತ್ತಿಗೆ ವಿಠ್ಠಲರಾವ್ ವಿಖೆ ಪಾಟೀಲರ ನೇತೃತ್ವದಲ್ಲಿ ಪ್ರವರಾನಗರದ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಸಹಕಾರಿ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಶೇಂಡಿಯಿಂದ ಸರೋವರವನ್ನು ಬಳಸಿಕೊಂಡು ರತನವಾಡಿ, ಸಾಮ್ರದ್, ಘಾಟಘರಗಳನ್ನು ಮುಟ್ಟಿ ಹಿಂದಿರುಗುವ ರಸ್ತೆ ಒಂದು ಹಗಲಿಗೆ ಹೇಳಿ ಮಾಡಿಸಿದಂತಿದೆ. ರತನವಾಡಿಯ ಅಮೃತೇಶ್ವರ ದೇವಾಲಯದ ಶಿಲ್ಪವನ್ನು ನಿಧಾನವಾಗಿ ನೋಡಬೇಕು. ಇದನ್ನು ಶಿಲಾಹಾರ ವಂಶದ ಝಂಝ ರಾಜನು ಕಟ್ಟಿಸಿದನೆಂದು ಹೇಳುವುದು ವಾಡಿಕೆ. ಈ ಶಿಲಾಹಾರರು ನಮಗೆ ಪರಕೀಯರಲ್ಲ. ಉತ್ತರ ಕೊಂಕಣವನ್ನಾಳಿದ ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಬೊರಿವಲಿ ಬಳಿಯ ಕನ್ಹೇರಿ ಗುಹೆಗಳಲ್ಲಿರುವ 9ನೆಯ ಶತಮಾನದ ಅವರ ಶಾಸನಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರಿದೆ. ಅವರ ಸ್ಥಾನಕ ಎಂಬ ಪಟ್ಟಣವೇ ಇಂದಿನ ಥಾಣೆ. ನಮ್ಮ ಮನೆಗಳ ಪಕ್ಕದ ಅಂಬರ್‌ನಾಥದ ಶಿವಾಲಯವೂ 1060ರಲ್ಲಿ ಶಿಲಾಹಾರರ ಕಾಲದಲ್ಲಿಯೇ ಪೂರ್ಣಗೊಂಡಿತು. ‘ಕವಿರಾಜಮಾರ್ಗ’ದ ಕಾಲದಲ್ಲಿಯೇ ಕನ್ನಡ ದೊರೆಯ ಹೆಸರು ಈ ನೆಲದ ಕಲ್ಲಿನ ಮೇಲೆ ಮೂಡಿತ್ತೆಂಬುದನ್ನು ಜೊತೆಗಿರುವ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲ.

ಘಾಟಘರದಲ್ಲಿ ಇನ್ನೊಂದು ನೋಟವಿದೆ. ಇಲ್ಲಿ ಮೇಲೊಂದು ಜಲಾಶಯ, ಕೆಳಗೆ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಚೋಂಢೆಯಲ್ಲಿ ಇನ್ನೊಂದು ಜಲಾಶಯ. ವಿದ್ಯುತ್ತಿನ ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಮೇಲಿನ ನೀರನ್ನು ಕೆಳಗಿಳಿಸಿ 250 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುತ್ತಾರೆ. ಬೇಡಿಕೆ ತಗ್ಗಿದಾಗ, ಮಿಕ್ಕ ವಿದ್ಯುತ್ತನ್ನು ಬಳಸಿ ಅದೇ ನೀರನ್ನು ಮತ್ತೆ ಮೇಲಕ್ಕೆತ್ತುತ್ತಾರೆ. 2008ರಲ್ಲಿ ಕಾರ್ಯಾರಂಭ ಮಾಡಿದ ಈ ಯೋಜನೆಯನ್ನು ನೀರಿನ ಉಳಿತಾಯ ಖಾತೆ ಎನ್ನಬಹುದು. ಪ್ರವಾಸಿಗರು ಇದರಿಂದ ತಿಳಿಯಬೇಕಾದ ಒಂದು ಪಾಠವಿದೆ. ಇಂಥ ಜಲಾಶಯಗಳಲ್ಲಿ ನೀರಿನ ಮಟ್ಟ ದಿನದೊಳಗೆಯೇ ಏರಿಳಿಯುತ್ತದೆ. ದಡ ಒಣಗಿದಂತೆ ಕಂಡರೂ ನೀರಿನಂಚಿನಲ್ಲಿ ಗುಡಾರ ಹಾಕುವುದಾಗಲಿ, ಈಜಲು ಇಳಿಯುವುದಾಗಲಿ ಕೂಡದು. ಈ ಪ್ರದೇಶವು 1986ರಲ್ಲಿ ಘೋಷಿತವಾದ ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ನಾಕೆಯಲ್ಲಿ ಶುಲ್ಕ ಕಟ್ಟಿ, ಎಲ್ಲಿ ತಂಗಬಹುದೆಂಬುದನ್ನು ಕೇಳಿಯೇ ಮುಂದುವರಿಯಬೇಕು.

ಚಳಿಯ ರಾತ್ರಿ ಮತ್ತು ಮುಚ್ಚಿದ ಕಿಟಕಿ

ಭಂಡಾರದರಾ ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ನೆಲದ ಕಾವು ಬೇಗನೆ ಆಕಾಶಕ್ಕೆ ಹೊರಟುಹೋಗುತ್ತದೆ. ಭಾರವಾದ ತಣ್ಣನೆಯ ಗಾಳಿ ಬೆಟ್ಟದ ಇಳಿಜಾರಿನಲ್ಲಿ ಜಾರಿ ಬಂದು ಕಣಿವೆಯ ತಳದಲ್ಲಿ, ಎಂದರೆ ಸರೋವರದ ದಡದಲ್ಲಿಯೇ ತಂಗುತ್ತದೆ. ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮುಂಬಯಿಯ ಸೆಕೆಗೆ ಒಗ್ಗಿದ ನಮಗೆ ಅದು ಸಾಮಾನ್ಯ ಚಳಿಯೇನಲ್ಲ. ದಡಕ್ಕಿಂತ ತುಸು ಎತ್ತರದ, ಗಾಳಿಗೆ ಮರೆಯಿರುವ ಜಾಗದಲ್ಲಿ ವ್ಯಾನು ನಿಲ್ಲಿಸಿದರೆ ಚಳಿ ಎಷ್ಟೋ ತಗ್ಗುತ್ತದೆ.

ಈ ಚಳಿಗೆ ಹೆದರಿ ಜನರು ಮಾಡುವ ಕೆಲಸವೇ ಪ್ರಾಣಕ್ಕೆ ಸಂಚಕಾರ ತರುತ್ತದೆ. ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಒಳಗೆ ಇದ್ದಿಲಿನ ಶೇಗಡಿಯನ್ನೋ ಗ್ಯಾಸಿನ ಒಲೆಯನ್ನೋ ಉರಿಸುತ್ತಾರೆ. ಇಲ್ಲವೇ ಎಂಜಿನ್ ಚಾಲೂ ಇಟ್ಟು ಮಲಗುತ್ತಾರೆ. ಗಾಳಿ ಸಾಲದಿರುವಲ್ಲಿ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ಓಕರಿಕೆ, ತಲೆಸುತ್ತು ಬರುತ್ತದೆ. ನಿದ್ರಿಸುತ್ತಿರುವವರಿಗೆ ಅದರ ಅರಿವೇ ಆಗುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಮನ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೇರಳದ ಎಂಟು ಮಂದಿ ಪ್ರವಾಸಿಗರು, ಅವರಲ್ಲಿ ಮಕ್ಕಳೂ ಸೇರಿ, ಅಸುನೀಗಿದರು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿಗೆ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಜನರೇಟರಿನಿಂದ ಹೊರಟ ಇದೇ ಅನಿಲ ಒಳಹೊಕ್ಕಿತ್ತೆಂದು ತನಿಖೆಯಲ್ಲಿ ತಿಳಿದುಬಂತು.

ಆದುದರಿಂದ ವ್ಯಾನಿನ ಒಳಗೆ ಯಾವ ಬೆಂಕಿಯೂ ಬೇಡ. ಅಡುಗೆ ಹೊರಗೆ, ಎಂಜಿನ್ ಬಂದ್, ಎದುರುಬದುರಿನ ಎರಡು ಕಿಟಕಿಗಳು ಎರಡು ಬೆರಳಿನಷ್ಟು ತೆರೆದಿರಲಿ. ಹೀಗೆ ತೆರೆದಿದ್ದರೆ ಇನ್ನೊಂದು ಉಪಕಾರವೂ ಇದೆ. ನಮ್ಮ ಉಸಿರಿನ ತೇವ ಗಾಜಿನ ಮೇಲೆ ಹನಿಯಾಗಿ ಇಳಿದು ಹೊದಿಕೆಗಳನ್ನು ಒದ್ದೆ ಮಾಡುವುದು ತಪ್ಪುತ್ತದೆ. ಚಳಿಗೆ ಮದ್ದು ಬೇರೆಯೇ ಇದೆ. ಹಾಸಿಗೆಯ ಕೆಳಗೆ ದಪ್ಪ ಕಂಬಳಿ, ತಲೆಗೆ ಟೊಪ್ಪಿ, ಕಾಲಿಗೆ ಉಣ್ಣೆಯ ಚೀಲ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಮಲಗುವ ಮುನ್ನ ಬಿಸಿ ಬಿಸಿ ಗಂಜಿ. ಹೊದಿಕೆ ಮೇಲಿರುವಷ್ಟೇ ದಪ್ಪವಾಗಿ ಕೆಳಗೂ ಇರಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ವ್ಯಾನಿನ ಲೋಹದ ತಳದ ಮೂಲಕವೇ ಹೆಚ್ಚು ಚಳಿ ಏರುತ್ತದೆ. ಹೃದ್ರೋಗ, ಉಬ್ಬಸ ಇರುವ ಹಿರಿಯರು ಗ್ರಾಮದ ಮನೆಯೊಂದರ ಕೋಣೆಯಲ್ಲಿ ಮಲಗುವುದೇ ಒಳಿತು.

ಖರ್ಚಿನ ಅಂದಾಜು

ನಾಲ್ವರ ಕುಟುಂಬಕ್ಕೆ ಎರಡು ರಾತ್ರಿಗಳ ಲೆಕ್ಕವನ್ನು ಹೀಗೆ ಇರಿಸಿಕೊಳ್ಳಬಹುದು. 350 ಕಿಲೋಮೀಟರ್ ಓಟಕ್ಕೆ, ಲೀಟರಿಗೆ 14 ಕಿಲೋಮೀಟರಿನಂತೆ 25 ಲೀಟರ್ ಪೆಟ್ರೋಲು, ಸುಮಾರು 2,700 ರೂಪಾಯಿ. ಗ್ರಾಮದ ಅಂಗಳದಲ್ಲಿ ವಾಹನ ನಿಲ್ಲಿಸಲು, ಶೌಚಾಲಯ ಬಳಸಲು, ಗುಡಾರದ ಬಾಡಿಗೆಗೆ 2,500. ಊಟೋಪಚಾರಕ್ಕೆ 4,000. ಅರಣ್ಯ ಶುಲ್ಕ, ರಸ್ತೆ ಸುಂಕಗಳಿಗೆ 800. ಆಪತ್ತಿಗೆಂದು 1,500. ಒಟ್ಟು 11,500 ರೂಪಾಯಿ. ಎಂದರೆ ತಲಾ 2,875. ದರಗಳು ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಬೇಕು. ಡಿಸೆಂಬರ್ 31ರ ರಾತ್ರಿಯ ಗದ್ದಲವನ್ನು ಬಿಟ್ಟು ಜನವರಿಯ ಎರಡನೆಯ ಅಥವಾ ನಾಲ್ಕನೆಯ ವಾರಾಂತ್ಯವನ್ನು ಆರಿಸಿಕೊಂಡರೆ ಖರ್ಚೂ ಕಡಿಮೆ, ನೆಮ್ಮದಿಯೂ ಹೆಚ್ಚು.

ಉಳಿತಾಯಕ್ಕೆಂದು ಎಲ್ಲ ಅಡುಗೆಯ ಸಾಮಾನುಗಳನ್ನೂ ಮನೆಯಿಂದಲೇ ಹೊತ್ತೊಯ್ಯುವುದು ನನಗೆ ಸರಿಯೆನಿಸುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿರಲಿ. ಆದರೆ ದಿನದ ಒಂದೆರಡು ಊಟ ಅಲ್ಲಿಯ ಮನೆಗಳಲ್ಲಾಗಲಿ. ಅಕ್ಕಿಯ ಭಾಕರಿ, ಪಿಠಲೆ, ಹಸಿಮೆಣಸಿನ ಠೇಚಾಗಳ ಊಟ ನಮ್ಮ ರೊಟ್ಟಿ, ಜುಣಕಗಳ ಊಟಕ್ಕೆ ಹತ್ತಿರದ್ದೇ. ಮಹಾದೇವ ಕೋಳಿ, ಠಾಕರ್ ಮುಂತಾದ ಆದಿವಾಸಿ ಸಮುದಾಯಗಳು ನೆಲೆಸಿರುವ ಅಕೋಲೆ ತಾಲೂಕು ಇದು. ದೇಸಿ ಬೀಜಗಳನ್ನು ಸಂರಕ್ಷಿಸಿ 2020ರ ಪದ್ಮಶ್ರೀಗೆ ಪಾತ್ರರಾದ ರಾಹೀಬಾಯಿ ಪೋಪೆರೆ ಇದೇ ತಾಲೂಕಿನವರು. ನಾವು ಊಟಕ್ಕೆ ಕೊಡುವ ಹಣ ನೇರವಾಗಿ ಇಂಥ ಮನೆಗಳಿಗೆ ಸೇರುವುದರಲ್ಲಿ ಒಂದು ನ್ಯಾಯವಿದೆ. ಅದೇನೆಂಬುದನ್ನು ಮರಳುವ ದಾರಿ ತೋರಿಸುತ್ತದೆ.

ಮೂರನೆಯ ದಿನ: ನೀರಿನ ದಾರಿಯಲ್ಲಿ ಮರಳಿ

ಭಂಡಾರದರಾದಿಂದ ಘೋಟಿಯತ್ತ ಹೊರಟರೆ ಎಡಬದಿಗೆ ಮಹಾರಾಷ್ಟ್ರದ ಅತ್ಯುನ್ನತ ಶಿಖರ, 1,646 ಮೀಟರಿನ ಕಳಸೂಬಾಯಿ ಕಾಣಿಸುತ್ತದೆ. ಇಗತ್‌ಪುರಿ ದಾಟಿ ಕಸಾರಾ ಘಾಟನ್ನು ಇಳಿಯುವಾಗ ಸಾಮಾನು ಹೇರಿದ ವ್ಯಾನನ್ನು ಕೆಳಗಿನ ಗೇರಿನಲ್ಲಿಯೇ ಇಳಿಸಬೇಕು. ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲ್‌ಗೆ ಹಾಕಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಇಗತ್‌ಪುರಿ, ಶಹಾಪುರ ತಾಲೂಕುಗಳು ಮಹಾನಗರದ ನೀರಿನ ಕಣಜ. ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ, ತಾನ್ಸಾ, ಭಾತ್ಸಾ ಜಲಾಶಯಗಳೂ ನಗರದೊಳಗಿನ ವಿಹಾರ್ ಮತ್ತು ತುಳಸಿಯೂ ಸೇರಿ ಏಳು ಸರೋವರಗಳು ಮುಂಬಯಿಗೆ ನೀರುಣಿಸುತ್ತಿವೆ. ಇವುಗಳಲ್ಲಿ ತಾನ್ಸಾ 1892ರದ್ದು, ಮಧ್ಯ ವೈತರಣಾ 2014ರದ್ದು. ಥಾಣೆ ನಗರಕ್ಕೂ ಭಾತ್ಸಾ ನೀರೇ ಮುಖ್ಯ ಆಧಾರಗಳಲ್ಲೊಂದು. ಕಲ್ಯಾಣ್–ಡೊಂಬಿವಲಿಯ ನಲ್ಲಿಗಳಿಗೆ ಉಲ್ಹಾಸ್ ನದಿಯ ನೀರು ಬರುತ್ತದೆ. ಈ ನದಿಗೆ ಬೇಸಗೆಯಲ್ಲಿ ಬಲ ಬರುವುದು ಘಾಟಿನ ಮೇಲಿನ ಜಲಾಶಯದಿಂದ ಭಿವಪುರಿ ವಿದ್ಯುದಾಗಾರಕ್ಕೆ ಇಳಿದು ಬರುವ ನೀರಿನಿಂದ. ನವಿಮುಂಬಯಿಗೆ ಸ್ವಂತದ ಮೋರ್ಬೆ ಅಣೆಕಟ್ಟು ಇದೆ. ಹೀಗೆ ನಾಲ್ಕೂ ಊರುಗಳ ಮನೆಮನೆಯ ಕೊಡ ತುಂಬುವುದು ಸಹ್ಯಾದ್ರಿಯ ಯಾವುದೋ ಕಣಿವೆ ತುಂಬಿದುದರಿಂದ.

ಆ ಕಣಿವೆಗಳಲ್ಲಿ ಗದ್ದೆಗಳಿದ್ದವು, ಮನೆಗಳಿದ್ದವು, ಗ್ರಾಮದೇವತೆಗಳಿದ್ದವು. ಪುಣೆ ಜಿಲ್ಲೆಯ ಮುಳಶಿಯಲ್ಲಿ ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಹೊರಟಾಗ, 1921ರಲ್ಲಿ ಸೇನಾಪತಿ ಬಾಪಟರ ಮುಂದಾಳ್ತನದಲ್ಲಿ ಅಲ್ಲಿಯ ರೈತರು ಸತ್ಯಾಗ್ರಹ ಹೂಡಿದರು. ಅಣೆಕಟ್ಟಿನ ವಿರುದ್ಧ ನಡೆದ ಜಗತ್ತಿನ ಮೊದಮೊದಲ ಸಂಘಟಿತ ಹೋರಾಟಗಳಲ್ಲಿ ಅದೂ ಒಂದು. ಆದರೂ ಕಣಿವೆ ಮುಳುಗಿತು, ಮುಂಬಯಿಗೆ ಬೆಳಕು ಬಂತು. ಈ ನೋವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಸಾಗರ, ಹೊಸನಗರ ಸೀಮೆಯ ಜನ ಕಳೆದುಕೊಂಡುದೇನೆಂಬುದನ್ನು ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳ ಮೂಲಕ ನಾವು ಬಲ್ಲೆವು. ಇತ್ತ ಶಹಾಪುರದಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. ಮಹಾನಗರಕ್ಕೆ ನೀರು ಕಳುಹಿಸುವ ಇದೇ ತಾಲೂಕಿನ ಹಲವು ಪಾಡಾಗಳಲ್ಲಿ ಬೇಸಗೆ ಬಂತೆಂದರೆ ಹೆಂಗಸರು ಕೊಡ ಹೊತ್ತು ಟ್ಯಾಂಕರಿನ ಹಾದಿ ಕಾಯುತ್ತಾರೆ.

ಒಂದೆರಡು ರಾತ್ರಿ ಸರೋವರದ ದಡದಲ್ಲಿ ತಂಗಿದ ಮಾತ್ರಕ್ಕೆ ಈ ಋಣ ತೀರದು. ಆದರೆ ಅದನ್ನು ಹೆಚ್ಚಿಸದಿರುವುದು ನಮ್ಮ ಕೈಯಲ್ಲಿದೆ. ಪಾತ್ರೆ ತೊಳೆದ ಸೋಪಿನ ನೀರನ್ನು ಸರೋವರಕ್ಕೆ ಚೆಲ್ಲದೆ, ದಡದಿಂದ ನೂರು ಹೆಜ್ಜೆ ಆಚೆ ಮಣ್ಣಿನಲ್ಲಿ ಇಂಗಿಸಬೇಕು. ಬಯಲು ಶೌಚ ಸಲ್ಲದು. ಗ್ರಾಮದ ಶೌಚಾಲಯವನ್ನು ಹಣ ಕೊಟ್ಟು ಬಳಸಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಬಾಟಲಿಗಳನ್ನು ಚೀಲದಲ್ಲಿ ಕಟ್ಟಿ ಮನೆಗೇ ಹಿಂದೆ ತರಬೇಕು. ನಮ್ಮ ನಗರಪಾಲಿಕೆಗಳಲ್ಲಿರುವ ಕಸದ ವ್ಯವಸ್ಥೆ ಆ ಗ್ರಾಮಗಳಲ್ಲಿಲ್ಲ. ಧ್ವನಿವರ್ಧಕ, ಮದ್ಯದ ಅಬ್ಬರಗಳು ಬೇಡ. ವ್ಯಾನಿನ ನೀರಿನ ಕ್ಯಾನುಗಳನ್ನು ಮನೆಯಿಂದಲೇ ತುಂಬಿಕೊಂಡು ಹೋಗಬೇಕು. ಬೆಟ್ಟದಿಂದ ನಮ್ಮ ನಲ್ಲಿಗೆ ಇಳಿದುಬಂದ ನೀರನ್ನು ಮತ್ತೆ ಬೆಟ್ಟಕ್ಕೆ ಹೊತ್ತೊಯ್ಯುವುದು ವಿಚಿತ್ರವೆನಿಸಬಹುದು. ಆದರೆ ಅಲ್ಲಿಯ ಬಾವಿಗಳಿಗೆ ಬೇಸಗೆ ಇನ್ನೂ ಬಾಕಿಯಿದೆ.

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ವಿಹಾರಕೂಟವನ್ನು ಏರ್ಪಡಿಸುವುದು ರೂಢಿ. ದೊಡ್ಡ ಬಸ್ಸಿನಲ್ಲಿ ರಿಸಾರ್ಟಿಗೆ ಹೋಗಿ ಬರುವ ಬದಲು, ಸದಸ್ಯರ ಮೂರು ನಾಲ್ಕು ವ್ಯಾನುಗಳು ಒಟ್ಟಾಗಿ ಈ ಹಾದಿಯಲ್ಲಿ ಹೊರಡಬಹುದಲ್ಲವೇ? ಜೊತೆಗೆ ಹಲವರಿದ್ದರೆ ರಾತ್ರಿಯ ಭಯವಿಲ್ಲ, ಒಂದು ವಾಹನ ಕೆಟ್ಟರೆ ಇನ್ನೊಂದರ ನೆರವಿದೆ. ಶಾಸನ ಬಲ್ಲವರೊಬ್ಬರು, ಹಕ್ಕಿಗಳನ್ನು ಬಲ್ಲವರೊಬ್ಬರು ಜೊತೆಗಿದ್ದರೆ ಮಕ್ಕಳಿಗೆ ಅದೇ ಒಂದು ಪಾಠಶಾಲೆ. ಈ ಚಳಿಗಾಲದಲ್ಲಿ ಯೋಚಿಸಿ ನೋಡಿ. ವ್ಯಾನಿನ ಟಯರುಗಳ ಗಾಳಿಯನ್ನೂ ಬ್ರೇಕನ್ನೂ ಒಮ್ಮೆ ಪರೀಕ್ಷಿಸಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಸಿದ್ಧರಾಗಬಹುದು. ಪ್ರಯಾಣ ಸುಖಕರವಾಗಲಿ.